ಮರಿಸಿದ್ದಯ್ಯನ ರಜೆ

ದುದ್ದದ ಮರಿಸಿದ್ದಯ್ಯನನ್ನು ನೆನೆದಾಗಲೆಲ್ಲ ಮೊದಲು ನನ್ನ ಕಣ್ಣಿಗೆ ಕಟ್ಟುವುದು ಅವನ ಬೆರಳುಗಳು. ಎದುರಿಗೆ ಏನಿದ್ದರೂ ಅದರ ಮೇಲೆ ಆಡುತ್ತಿದ್ದವು. ಮೇಜು, ನೀರಿನ ಲೋಟ, ಬಸ್ಸಿನ ಸೀಟಿನ ಬೆನ್ನು, ಒಮ್ಮೆ ನನ್ನದೇ ಬೆನ್ನು. "ತಪ್ಪಾಯ್ತು ಮೇಷ್ಟ್ರೇ, ಮೆತ್ತಗಿತ್ತು, ಬಾರಿಸ್ಬುಟ್ಟೆ" ಎಂದು ನಕ್ಕಿದ್ದ.

ಅವನು ಮಂಡ್ಯದ ಒಂದು ಕ್ಲಬ್ಬಿನಲ್ಲಿ ಬೇರರ್ ಆಗಿದ್ದ. ಆ ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಅಧಿಕಾರಿಗಳು, ಮಿಲ್ಲಿನ ಮಾಲೀಕರು, ವಕೀಲರು ಸಂಜೆ ಕಳೆಯುತ್ತಿದ್ದ ಸ್ಥಳವದು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಸದಸ್ಯನಾಗುವ ಶಕ್ತಿ ನನಗಿರಲಿಲ್ಲ. ಆದರೆ ಕಾರ್ಯದರ್ಶಿಗಳಾದ ಸಂಪತ್ ಕುಮಾರರ ಮಗಳಿಗೆ ಮನೆಪಾಠ ಹೇಳುತ್ತಿದ್ದುದರಿಂದ ಅಲ್ಲಿಯ ಪತ್ರಿಕೆಗಳನ್ನು ಓದಲು ನನಗೆ ಅನುಮತಿ ಇತ್ತು. ಸಂಪತ್ ಕುಮಾರರಿಗೆ ಕ್ಲಬ್ಬಿನ ಎದುರಿಗೇ ದೊಡ್ಡ ರೈಸ್ ಮಿಲ್ಲಿತ್ತು.

ಯಂತ್ರ ಕೂರಿಸಲು ಬಂದು ಎರಡು ವರ್ಷ ಊರಿನಲ್ಲಿದ್ದ ವಿದೇಶಿ ಇಂಜಿನಿಯರೊಬ್ಬರು ಹೋಗುವಾಗ ಒಂದು ಜೊತೆ ಡ್ರಮ್ಮುಗಳನ್ನೂ ಒಂದು ಪೆಟ್ಟಿಗೆ ಗ್ರಾಮಫೋನ್ ತಟ್ಟೆಗಳನ್ನೂ ಕ್ಲಬ್ಬಿಗೆ ಬಿಟ್ಟುಹೋಗಿದ್ದರು. ತಟ್ಟೆಗಳ ಧೂಳು ಒರೆಸುವ ಕೆಲಸ ಮರಿಸಿದ್ದಯ್ಯನದು. ಮಧ್ಯಾಹ್ನ ಯಾರೂ ಇಲ್ಲದಾಗ ಅವನು ಅವುಗಳನ್ನು ಹಾಕಿ ಕೇಳುತ್ತಿದ್ದ. ಅದು ಜಾಜ಼್ ಎಂಬ ಸಂಗೀತವೆಂದು ತಟ್ಟೆಯ ಮೇಲೆ ಓದಿ ಹೇಳಿದವನು ನಾನು. ಅದೇನೆಂದು ನನಗೆ ತಿಳಿಸಿದವನು ಅವನು.

"ಕೇಳಿ ಮೇಷ್ಟ್ರೇ. ಇವ್ರು ಬರ್ಕಂಡು ನುಡಿಸ್ತಾ ಇಲ್ಲ. ಒಬ್ಬ ಒಂದು ಮಾತಾಡ್ತಾನೆ, ಇನ್ನೊಬ್ಬ ಅದ್ಕೆ ಮರುಮಾತಾಡ್ತಾನೆ. ಜಗಲಿ ಮೇಲೆ ಕುಂತ್ಕಂಡು ಹರಟೆ ಹೊಡೆಯೋರಂಗೆ. ನಮ್ಮಪ್ಪನೂ ತಮಟೇಲಿ ಇಂಗೇ ಮಾಡ್ತಾನೆ."

ಹೀಗೆ ನಮ್ಮ ತಂಡ ಹುಟ್ಟಿತು. ಡ್ರಮ್ಮಿಗೆ ಮರಿಸಿದ್ದಯ್ಯ. ಕ್ಲಾರಿಯೊನೆಟ್ಟಿಗೆ ಮದ್ದೂರಿನ ಬ್ಯಾಂಡ್ ಸೆಟ್ಟಿನ ಕೆಂಪಯ್ಯ. ಅವನ ಬಾಯಿ ಅವನ ವಾದ್ಯಕ್ಕಿಂತ ಹರಿತ. ಹಾರ್ಮೋನಿಯಮ್ಮಿಗೆ ನಾನು. ನಾಲ್ಕನೆಯವನು ಪೇಟೆಬೀದಿಯ ರೇಡಿಯೋ ರಿಪೇರಿ ಅಂಗಡಿಯ ರಾಮಾನುಜ. ಅವನಿಗೆ ಯಾವ ವಾದ್ಯವೂ ಬಾರದು. ಆದರೆ ಅವನು ಹಳೆಯ ಸ್ಪೂಲ್ ಟೇಪ್ ರೆಕಾರ್ಡರೊಂದನ್ನು ಬಿಚ್ಚಿ, ಟೇಪಿನ ತುಂಡೊಂದನ್ನು ಉಂಗುರದಂತೆ ಅಂಟಿಸಿ, ಒಂದು ಯಂತ್ರವನ್ನು ಮಾಡಿದ್ದ. ಮೈಕಿಗೆ ಬಂದ ನಾದವನ್ನು ಅದು ಹಿಡಿದಿಟ್ಟುಕೊಂಡು ಕ್ಷಣ ಕಳೆದ ಮೇಲೆ ಮೆಲ್ಲನೆ ಹಿಂದಿರುಗಿಸುತ್ತಿತ್ತು. ಗುಂಡಿ ತಿರುಗಿಸಿದರೆ ಆ ನಾದ ಹತ್ತಿರವಾಗುತ್ತಿತ್ತು, ಇಲ್ಲವೇ ಹೊಲದಾಚೆಯಿಂದ ಬಂದಂತೆ ದೂರವಾಗುತ್ತಿತ್ತು.

"ಸಾರಿಗೆ ಇಂಗು ಹಾಕಿದ ಹಾಗಿರಬೇಕು ಮೇಷ್ಟ್ರೇ. ಇದೆ ಅಂತ ಗೊತ್ತಾಗಬಾರದು, ಇಲ್ಲದಿದ್ರೆ ಗೊತ್ತಾಗಬೇಕು" ಎನ್ನುತ್ತಿದ್ದ ರಾಮಾನುಜ.

ಮೊದಲನೆಯ ಸಲ ನಾವು ಹೊರಗೆ ನುಡಿಸಿದ್ದು ಮಳವಳ್ಳಿಯ ಒಂದು ಮದುವೆಯಲ್ಲಿ. ಹೆಣ್ಣಿನ ಕಡೆಯ ಹಿರಿಯರೊಬ್ಬರು ಅರ್ಧ ಗಂಟೆ ತಾಳ್ಮೆಯಿಂದ ಕೇಳಿ, ಎದ್ದು ಬಂದು ಕೆಂಪಯ್ಯನನ್ನು ವಿಚಾರಿಸಿದರು.

"ಲೋ, ಸುರು ಮಾಡೋದು ಯಾವಾಗ?"

"ಸುರು ಮಾಡಿ ಅರ್ಧ ಗಂಟೆ ಆಯ್ತಲ್ಲಾ ಗೌಡ್ರೇ."

"ಮತ್ತೆ ಇಷ್ಟೊತ್ತೂ ನುಡಿಸಿದ್ದು?"

"ಅದು ಜಾಜು."

"ಜಾಜಾದ್ರೂ ನುಡಿಸಿ, ಜಾಜಿ ಹೂವಾದ್ರೂ ನುಡಿಸಿ. ಹೆಣ್ಣು ಹಸೆಗೆ ಬರೋವಾಗ ಮಾತ್ರ ನೆಟ್ಟಗೆ ನುಡಿಸ್ರಪ್ಪಾ."

ಕ್ಲಬ್ಬಿನವರಿಗೆ ಮಾತ್ರ ನಾವು ಬೇಕಾಗಿದ್ದೆವು. ಬೆಂಗಳೂರಿನಿಂದ ಅತಿಥಿಗಳು ಬಂದಾಗ, ಮಂಡ್ಯದಂಥ ಊರಿನಲ್ಲಿ ಇಂಥ ಸಂಗೀತ ಇದೆಯೆಂದು ತೋರಿಸುವುದು ಸಂಪತ್ ಕುಮಾರರಿಗೆ ದೊಡ್ಡ ಹೆಮ್ಮೆ. ಮರಿಸಿದ್ದಯ್ಯ ನುಡಿಸುವ ಹೊತ್ತಿನವರೆಗೆ ಊಟದ ತಟ್ಟೆ ತೊಳೆದು, ಅಂಗಿ ಬದಲಿಸಿ, ಡ್ರಮ್ಮಿನ ಮುಂದೆ ಕೂರುತ್ತಿದ್ದ. ನುಡಿಸಿ ಮುಗಿದ ಮೇಲೆ ಮತ್ತೆ ತಟ್ಟೆ ತೊಳೆಯುತ್ತಿದ್ದ.

ಅವನ ತಂದೆ ಚಿಕ್ಕಮಾದು ದುದ್ದದಲ್ಲಿ ತಮಟೆ ಬಾರಿಸುವವನು. ಆ ಸುತ್ತಿನಲ್ಲಿ ಯಾರೇ ತೀರಿಕೊಳ್ಳಲಿ, ಮಣ್ಣಿಗೆ ಹೊರಡುವಾಗ ಅವನ ತಮಟೆ ಮುಂದೆ ನಡೆಯಬೇಕು. ನಲವತ್ತು ವರ್ಷ ಹಾಗೆ ನಡೆದಿತ್ತು. ಕೇರಿಯ ಉಳಿದ ಮನೆಗಳವರು ಗೋಡೆಗೆ ಬುದ್ಧನ ಪಟ ಹಾಕಿದ ಮೇಲೆ, ಇದು ನಮಗೆ ಹೇರಿದ ಕೆಲಸ, ಇನ್ನು ಮುಟ್ಟುವುದಿಲ್ಲ ಎಂದು ತಮಟೆಯನ್ನು ಬಿಟ್ಟಿದ್ದರು. ಅದು ನ್ಯಾಯವಾದ ಮಾತೇ. ಚಿಕ್ಕಮಾದು ತನ್ನ ಮನೆಯಲ್ಲೂ ಬುದ್ಧನ ಪಟ ಹಾಕಿಕೊಂಡ, ತಮಟೆಯನ್ನು ಮಾತ್ರ ಬಿಡಲಿಲ್ಲ. "ಯಾರೋ ಬಾರಿಸು ಅಂದ್ರು ಅಂತ ಬಾರಿಸ್ತಿಲ್ಲ ಕಣ್ಲಾ. ಸತ್ತೋನು ಒಬ್ನೇ ಓಗ್ಬಾರ್ದು ಅಂತ ಬಾರಿಸ್ತೀನಿ" ಎಂದು ಮಗನಿಗೆ ಹೇಳಿದ್ದನಂತೆ. ತಾನು ಸತ್ತಾಗ ನೀನು ಬಾರಿಸಬೇಕು ಎಂದು ಮಾತು ತೆಗೆದುಕೊಂಡಿದ್ದನಂತೆ. ಊರಿನಲ್ಲಿ ಆ ಏಟುಗಳನ್ನು ಬಾರಿಸುವವರು ಆಗ ಅವರಿಬ್ಬರೇ.

ಎಪ್ಪತ್ತಮೂರನೆಯ ಇಸವಿಯ ಬೇಸಿಗೆ. ಕ್ಲಬ್ಬಿನಲ್ಲಿ ಮಧ್ಯಾಹ್ನದ ಔತಣ. ಅತಿಥಿಗಳು ಬಂದು ಕುಳಿತಿದ್ದರು. ನಾವು ಶ್ರುತಿ ಮಾಡಿಕೊಳ್ಳುತ್ತಿದ್ದೆವು. ಮರಿಸಿದ್ದಯ್ಯನ ಚಿಕ್ಕಪ್ಪನ ಮಗ ಕೆಂಪಸಿದ್ದಯ್ಯ ದುದ್ದದಿಂದ ಸೈಕಲ್ಲು ತುಳಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಮರಿಯಣ್ಣ, ದೊಡ್ಡಪ್ಪ ಓಗ್ಬುಟ್ಟ ಕಣಣ್ಣ. ನಾಕು ಗಂಟೆಗೆ ಎತ್ತುಬುಡ್ತಾರೆ, ಬಿಸಿಲು ಜಾಸ್ತಿ ಅಂತ. ಬೇಗ ಬಾ."

ಮರಿಸಿದ್ದಯ್ಯ ಕೋಲುಗಳನ್ನು ಕೆಳಗಿಟ್ಟು ಸಂಪತ್ ಕುಮಾರರ ಬಳಿಗೆ ಹೋದ. "ಬುದ್ದೀ, ನಮ್ಮಪ್ಪ ತೀರೋಗವ್ನೆ. ಇವತ್ತೊಂದಿನ ರಜ ಬೇಕು."

"ಅತಿಥಿಗಳು ಬಂದು ಕೂತಿದ್ದಾರಲ್ಲೋ. ನೀನು ಹೋದ್ರೆ ಬಾರಿಸೋರು ಯಾರು? ಸಂಜೆ ಹೋಗು."

"ಅಷ್ಟೊತ್ತಿಗೆ ಮಣ್ಣು ಮಾಡ್ಬುಡ್ತಾರೆ ಬುದ್ದಿ. ಅಲ್ಲೂ ಬಾರಿಸೋನು ನಾನೊಬ್ನೇ."

ಸಂಪತ್ ಕುಮಾರರು ಅತಿಥಿಗಳ ಕಡೆಗೆ ತಿರುಗಿ ಮುಗುಳ್ನಕ್ಕರು. "ಸತ್ತವನಿಗೆ ಒಂದೆರಡು ಗಂಟೆ ಹೆಚ್ಚುಕಡಿಮೆ ಆದ್ರೆ ಏನಂತೆ? ಅವನಿಗೇನು ಬಸ್ಸು ತಪ್ಪಿಹೋಗುತ್ತಾ?"

ಎಲ್ಲರೂ ನಕ್ಕರು. ಈಗ ಹೋದರೆ ಮತ್ತೆ ಬರಬೇಡ ಎಂದೂ ಅವರು ಹೇಳಿದರು. ಮರಿಸಿದ್ದಯ್ಯನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ತಾಯಿ ಮುದ್ದಮ್ಮ, ಮದುವೆಯಾಗದ ಇಬ್ಬರು ತಂಗಿಯರು. ಅವನು ಡ್ರಮ್ಮಿನ ಮುಂದೆ ಬಂದು ಕುಳಿತ. ನನ್ನನ್ನು ಒಮ್ಮೆ ನೋಡಿದ. ನಾನು ಎದ್ದು ಒಂದು ಮಾತು ಹೇಳಬಹುದಾಗಿತ್ತು. ಹಾರ್ಮೋನಿಯಮ್ಮಿನ ಶ್ರುತಿಯನ್ನು ಹಿಡಿದೆ.

ಅವನು ದುದ್ದಕ್ಕೆ ತಲುಪುವ ವೇಳೆಗೆ ಮಣ್ಣು ಮಾಡಿ ಬಂದವರು ಸ್ನಾನವನ್ನೂ ಮುಗಿಸಿದ್ದರು. ನಲವತ್ತು ವರ್ಷ ಊರಿನ ಹೆಣಗಳ ಮುಂದೆ ನಡೆದ ಚಿಕ್ಕಮಾದು ಸದ್ದಿಲ್ಲದೆ ಹೋಗಿದ್ದ. ಮೂರನೆಯ ದಿನ ನಾನು ಮಾತನಾಡಿಸಿಕೊಂಡು ಬರಲು ಹೋದಾಗ ಮುದ್ದಮ್ಮ ಮೂಲೆಯಲ್ಲಿದ್ದ ತಮಟೆಯನ್ನು ತೋರಿಸಿದಳು. "ನೋಡಿ ಮೇಷ್ಟ್ರಪ್ಪಾ, ಬಾಯಿ ಮುಚ್ಕಂಡು ಕುಂತದೆ."

ನನ್ನನ್ನು ಬಸ್ಸಿನವರೆಗೆ ಕಳುಹಿಸಲು ಬಂದ ಮರಿಸಿದ್ದಯ್ಯ ದಾರಿಯಲ್ಲಿ ಹೇಳಿದ: "ನಮ್ಮಪ್ಪನ ತಮಟೇನ ಅವ್ರ ಮುಂದೇನೇ ಬಾರಿಸ್ತೀನಿ ಮೇಷ್ಟ್ರೇ. ಅಷ್ಟೇ ಅಲ್ಲ. ಆವತ್ತು ನಕ್ರಲ್ಲಾ, ಅವ್ರೆಲ್ಲ ಅದ್ಕೆ ತಾಳ ಹಾಕ್ಬೇಕು. ಅದು ಆಗೋಗಂಟ ನಾನು ಈ ಕೆಲಸ ಬುಡಾಕಿಲ್ಲ."

ದುಃಖದಲ್ಲಿ ಆಡಿದ ಮಾತು ಎಂದುಕೊಂಡೆ. ಅವನು ಎರಡು ವರ್ಷ ಸಂಪತ್ ಕುಮಾರರಿಗೆ ಕಾಫಿ ತಂದುಕೊಟ್ಟ. ಲೋಟ ತೊಳೆದ. ಅವರ ಬೂಟಿನ ಮಣ್ಣು ಬಿದ್ದ ಜಮಖಾನೆಯನ್ನು ಕೊಡವಿದ. ಒಂದು ದಿನವೂ ರಜೆ ಕೇಳಲಿಲ್ಲ. "ನಿಯತ್ತಿನ ಆಳು" ಎಂದು ಅವರು ನನ್ನ ಮುಂದೆಯೇ ಹೊಗಳಿದ್ದುಂಟು. ಆಗ ಅವನು ಮೇಜು ಒರೆಸುತ್ತ ಇದ್ದ. ಬಟ್ಟೆಯ ಕೆಳಗೆ ಬೆರಳುಗಳು ಆಡುತ್ತಿದ್ದವು. ಮೂರು ಏಟು, ಒಂದು ಬಿಡುವು, ಎರಡು ಏಟು. ಪೇಟೆಯಲ್ಲಿ ಬೆಳೆದ ನನಗೆ ಅದು ಏನೆಂದು ತಿಳಿಯಲಿಲ್ಲ.

ಎಪ್ಪತ್ತೈದರಲ್ಲಿ ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬಿತು. ಜೊತೆಗೆ ಸಂಪತ್ ಕುಮಾರರು ಕಾರ್ಯದರ್ಶಿಯಾಗಿ ಹತ್ತು ವರ್ಷ. ತಮ್ಮದೊಂದು ಭಾವಚಿತ್ರವನ್ನು ಆಳೆತ್ತರಕ್ಕೆ ದೊಡ್ಡದು ಮಾಡಿಸಿ ಗೇಟಿನ ಬಳಿ ಬಣ್ಣದ ದೀಪಗಳ ನಡುವೆ ನಿಲ್ಲಿಸಿದರು. ಭಾಷಣ ರಸ್ತೆಗೂ ಕೇಳಲೆಂದು ಗೇಟಿನ ಮರಗಳಿಗೆ ಎರಡು ಧ್ವನಿವರ್ಧಕಗಳನ್ನು ಕಟ್ಟಿಸಿದರು. ನಾನು ನಾಲ್ಕು ಗಂಟೆಗೆ ಹಾರ್ಮೋನಿಯಮ್ಮಿನೊಂದಿಗೆ ಹೋದಾಗ ಮರಿಸಿದ್ದಯ್ಯ ಏಣಿ ಹತ್ತಿ ಆ ಚಿತ್ರಕ್ಕೆ ಸೇವಂತಿಗೆಯ ದಪ್ಪ ಹಾರವನ್ನು ಹಾಕುತ್ತಿದ್ದ.

"ಸರ್ಯಾಗದಾ ಮೇಷ್ಟ್ರೇ?"

"ಬಹಳ ಚೆನ್ನಾಗಿದೆ" ಎಂದೆ. ಬದುಕಿರುವವರ ಚಿತ್ರಕ್ಕೆ ಹಾರವೇಕೆ ಎಂದು ನನಗೆ ಹೊಳೆಯಲೇ ಇಲ್ಲ. ಹೊಗಳುವ ಭರದಲ್ಲಿದ್ದ ಸದಸ್ಯರಿಗೂ ಹೊಳೆಯಲಿಲ್ಲ. ಸಂಪತ್ ಕುಮಾರರು ಅದನ್ನು ನೋಡಿ, ಹಾರವನ್ನು ಇನ್ನೂ ಸ್ವಲ್ಪ ಎಡಕ್ಕೆ ಸರಿಸುವಂತೆ ಹೇಳಿದರು.

ಅಡಿಗೆಮನೆಯ ಹಿಂದೆ ಒಲೆಯ ಕೆಂಡದ ಮೇಲೆ ಮರಿಸಿದ್ದಯ್ಯ ತಮಟೆಯನ್ನು ಕಾಯಿಸಿದ. ಕಾಯಿಸಿದರೆ ಚರ್ಮ ಬಿಗಿಯುತ್ತದೆ. ಅದು ಯಾರ ತಮಟೆ ಎಂದು ನನಗೆ ಗೊತ್ತಾಯಿತು, ಬಾಯಿ ತೆರೆದೆ. ಅವನು ನನ್ನನ್ನು ನೋಡಿದ. ಎರಡು ವರ್ಷದ ಹಿಂದೆ ನೋಡಿದ ಹಾಗೆಯೇ. ನಾನು ಬಾಯಿ ಮುಚ್ಚಿದೆ.

ಬಳಿಕ ಅವನು ರಾಮಾನುಜನ ಹತ್ತಿರ ಹೋಗಿ, "ಐನೋರೇ, ಇವತ್ತು ನಿಮ್ಮ ಮಿಸಿನ್ನಾಗೆ ವಸಿ ದೂರ ಮಾಡಿ. ಒಂದು ಮೈಲಿ ಆಚೆಯಿಂದ ಬಂದಂಗೆ ಇರ್ಬೇಕು" ಎಂದ. ರಾಮಾನುಜ ಸಂತೋಷದಿಂದ ಗುಂಡಿ ತಿರುಗಿಸಿದ. ದೂರ ಮಾಡುವುದೆಂದರೆ ಅವನಿಗೆ ಬಲು ಪ್ರೀತಿ.

ಸಂಜೆ ಆರು ಗಂಟೆ. ಭಾಷಣಗಳು ಮುಗಿದಿದ್ದವು. ಹೊರಗೆ ಇನ್ನೂ ಬೆಳಕಿತ್ತು. ಎದುರಿನ ಮಿಲ್ಲಿನಲ್ಲಿ ಕೆಲಸದವರು ಮನೆಗೆ ಹೊರಡುವ ಹೊತ್ತು. ನಾನು ಶ್ರುತಿ ಹಿಡಿದೆ. ಕೆಂಪಯ್ಯ ಎರಡು ಸುತ್ತು ತಮಾಷೆಯಾಗಿ ನುಡಿಸಿದ. ಡ್ರಮ್ಮು ಅದಕ್ಕೆ ಉತ್ತರ ಕೊಟ್ಟಿತು. ಬಳಿಕ ಮರಿಸಿದ್ದಯ್ಯ ಕೋಲುಗಳನ್ನು ಬಿಟ್ಟು ತಮಟೆಯನ್ನು ಎದೆಗೆ ಆನಿಸಿಕೊಂಡು ಎದ್ದು ನಿಂತ.

ಮೂರು ಏಟು, ಒಂದು ಬಿಡುವು, ಎರಡು ಏಟು. ಆ ಬಿಡುವಿನಲ್ಲಿ ರಾಮಾನುಜನ ಯಂತ್ರ ಹಿಂದಿನ ಏಟುಗಳನ್ನು ಮೆಲ್ಲನೆ ಹಿಂದಿರುಗಿಸುತ್ತಿತ್ತು. ಎಲ್ಲೋ ಹೊಲದ ಬದುವಿನ ಮೇಲೆ ಇನ್ನೊಬ್ಬ ಮುದುಕ ನಡೆದು ಬರುತ್ತ ಬಾರಿಸುತ್ತಿದ್ದಂತೆ ಕೇಳಿಸಿತು.

ಕೆಂಪಯ್ಯನ ಕ್ಲಾರಿಯೊನೆಟ್ ತಟ್ಟನೆ ನಿಂತಿತು. ಅವನು ಹಳ್ಳಿಯಲ್ಲಿ ಹುಟ್ಟಿ ಬೆಳೆದವನು, ಕಿವಿಗೆ ಬಿದ್ದೊಡನೆ ಅರಿತ. ಮರಿಸಿದ್ದಯ್ಯನ ಮುಖ ನೋಡಿದ, ಕಣ್ಣು ಮುಚ್ಚಿದ, ಮತ್ತೆ ವಾದ್ಯವನ್ನು ಬಾಯಿಗಿಟ್ಟ. ಹೆಂಗಸೊಬ್ಬಳು ಸತ್ತವರ ಗುಣಗಳನ್ನು ಹೇಳಿಕೊಂಡು ಅಳುವಾಗ ಧ್ವನಿ ಹೇಗೆ ಏರಿ, ಒಡೆದು, ಇಳಿಯುವುದೋ ಹಾಗೆ ನುಡಿಸಿದ. ಅಂಥ ಸಂಗೀತವನ್ನು ನಾವು ಆ ಮೊದಲು ನುಡಿಸಿರಲಿಲ್ಲ, ಆಮೇಲೂ ನುಡಿಸಲಿಲ್ಲ. ಆ ಏಟುಗಳ ಅರ್ಥ ತಿಳಿಯದಿದ್ದರೂ ನಾನೂ ಹಾರ್ಮೋನಿಯಮ್ಮನ್ನು ಅದೇ ಲಯಕ್ಕೆ ತಂದೆ.

ಸಂಪತ್ ಕುಮಾರರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮೊದಲು ಅವರ ಪಾದ ಆಡಿತು. ಅನಂತರ ಕೈ ತೊಡೆಯ ಮೇಲೆ ಬಿತ್ತು: ಮೂರು, ಬಿಡುವು, ಎರಡು. ಪಕ್ಕದವರೂ ಹಾಕಿದರು. ಅವರ ಹಿಂದಿನವರೂ ಹಾಕಿದರು. ಇದೂ ಜಾಜ಼್ ಎಂದೇ ತಿಳಿದ ಅರವತ್ತು ಎಪ್ಪತ್ತು ಜನ ನಗುತ್ತ, ತಲೆದೂಗುತ್ತ, ಸಾವಿನ ತಮಟೆಗೆ ಚಪ್ಪಾಳೆಯಿಂದ ತಾಳ ಹಾಕಿದರು. ಮರಿಸಿದ್ದಯ್ಯ ನಗಲಿಲ್ಲ. ಒಬ್ಬೊಬ್ಬರ ಕೈಯನ್ನೂ ನೋಡುತ್ತ ಬಾರಿಸಿದ.

ಹೊರಗೆ ಧ್ವನಿವರ್ಧಕದ ಕೆಳಗೆ ಬೇರೆಯೇ ನಡೆದಿತ್ತು. ರಸ್ತೆಯಲ್ಲಿ ಗಾಡಿಗಳು ನಿಂತವು. ಮಿಲ್ಲಿನಿಂದ ಬಂದ ಕೆಲಸದವರು ಯಾರು ಹೋದರೆಂದು ಸುತ್ತ ನೋಡಿದರು. ಗೇಟಿನಲ್ಲಿ ಸೇವಂತಿಗೆ ಹಾರ ಹಾಕಿಕೊಂಡ ಸಾಹುಕಾರರು ದೀಪಗಳ ನಡುವೆ ನಗುತ್ತಿದ್ದರು. ಮಿಲ್ಲಿನಲ್ಲಿ ಅಕ್ಕಿ ಕೇರುತ್ತಿದ್ದ ಚಿಕ್ಕಬೋರಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡು ಗೇಟು ದಾಟಿ ಓಡಿಬಂದಳು.

"ಅಯ್ಯೋ ನನ್ನಪ್ಪಾ! ಬೆಳಿಗ್ಗೆ ಗುಂಡುಕಲ್ಲಂಗೆ ಇದ್ಯಲ್ಲಾ! ನನ್ನ ಬೈದು ಓದ್ಯಲ್ಲಾ, ಇಷ್ಟೊತ್ತಿಗೆ ಪಟವಾಗ್ಬುಟ್ಯಲ್ಲಾ!"

ಅವಳ ಹಿಂದೆ ಮೂವತ್ತು ಜನ ಸಭಾಂಗಣಕ್ಕೆ ನುಗ್ಗಿದರು. ಚಪ್ಪಾಳೆ ನಿಂತಿತು. ಚಿಕ್ಕಬೋರಮ್ಮ ಮುಂದಿನ ಸಾಲಿಗೆ ಬಂದು, ನಿಂಬೆ ಷರಬತ್ತಿನ ಲೋಟ ಹಿಡಿದು ಎದ್ದು ನಿಂತ ಸಂಪತ್ ಕುಮಾರರನ್ನು ಕಂಡು, "ಇದೇನು ಬುದ್ದೀ, ಎದ್ಬುಟ್ರಾ!" ಎಂದು ಕಿರುಚಿ ಕುಸಿದಳು. ಅಷ್ಟರಲ್ಲಿ ಯಾರೋ ಹಿಂದಿನ ಬೀದಿಯಲ್ಲಿದ್ದ ಸಂಪತ್ ಕುಮಾರರ ಮನೆಗೂ ಸುದ್ದಿ ಮುಟ್ಟಿಸಿದ್ದರು. ಅವರ ಹೆಂಡತಿ ಪಂಕಜಮ್ಮನವರು ಬರಿಗಾಲಿನಲ್ಲಿ ಬಂದು, ಗಂಡನನ್ನು ನೋಡಿ, ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆಗ ಮಾತ್ರ ಮರಿಸಿದ್ದಯ್ಯ ತಲೆ ತಗ್ಗಿಸಿದ.

ವಿಷಯ ಏನೆಂದು ಕೆಲಸದವರಿಂದ ತಿಳಿಯಲು ಎರಡು ನಿಮಿಷ ಹಿಡಿಯಿತು. ಸಂಪತ್ ಕುಮಾರರು ವೇದಿಕೆಯ ಬಳಿಗೆ ಬಂದರು.

"ಯಾರಿಗಯ್ಯಾ ಬಾರಿಸಿದೆ ಇದನ್ನ?"

"ನಮ್ಮಪ್ಪಂಗೆ."

"ನಿಮ್ಮಪ್ಪ ಸತ್ತು ಎರಡು ವರ್ಷ ಆಯ್ತಲ್ಲೋ!"

"ಸತ್ತೋನ್ಗೆ ಒಂದೆರಡು ವರ್ಷ ಎಚ್ಚುಕಮ್ಮಿ ಆದ್ರೆ ಏನಂತೆ?" ಮರಿಸಿದ್ದಯ್ಯ ಮೆಲ್ಲಗೆ ಹೇಳಿದ. "ಅವನ್ಗೇನು ಬಸ್ಸು ತಪ್ಪೋಯ್ತದಾ?"

ಮೈಕನ್ನು ಯಾರೂ ಆರಿಸಿರಲಿಲ್ಲ. ತಪ್ಪೋಯ್ತದಾ, ತಪ್ಪೋಯ್ತದಾ ಎಂದು ಯಂತ್ರ ಆ ಮಾತನ್ನು ಹಿಂದಿರುಗಿಸಿತು. ಗೇಟಿನ ಮರಗಳಿಂದ ಅದು ರಸ್ತೆಗೂ ಹೋಯಿತು. ಆರಿಸಲು ಮರೆತೆ ಎಂದು ರಾಮಾನುಜ ಸಾಯುವವರೆಗೂ ಹೇಳಿದ. ಅಂಥದ್ದನ್ನು ಮರೆಯುವವನಲ್ಲ ಅವನು. ಆವತ್ತು ನಕ್ಕವರಲ್ಲಿ ಕೆಲವರು ಸಭಾಂಗಣದಲ್ಲಿದ್ದರು. ಒಬ್ಬರೂ ನಗಲಿಲ್ಲ.

"ನೀವು ಚೆಂದಾಗಿ ತಾಳ ಹಾಕುದ್ರಿ" ಎಂದು ಹೇಳಿ, ಮರಿಸಿದ್ದಯ್ಯ ಬೇರರಿನ ಕೋಟನ್ನು ಬಿಚ್ಚಿ ಡ್ರಮ್ಮಿನ ಮೇಲಿಟ್ಟು, ತಮಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಕೆಲಸದಿಂದ ತೆಗೆಯುವ ಸುಖವೂ ಸಂಪತ್ ಕುಮಾರರಿಗೆ ಸಿಗಲಿಲ್ಲ. ಪೊಲೀಸರಿಗೆ ದೂರು ಕೊಡಲು ಹೋದರೆ, ಏನೆಂದು ಬರೆದುಕೊಳ್ಳುವುದು ಸ್ವಾಮಿ, ತಮಟೆ ಬಾರಿಸಿದ ಎಂದೇ ಎಂದು ಕೇಳಿದರಂತೆ.

ಅನಂತರದ ದಿನಗಳಲ್ಲಿ ಸಂಪತ್ ಕುಮಾರರು ಇಳಿದುಹೋದರು. ಶಾಂತಿ ಮಾಡಿಸಿದರು, ಹೋಮ ಮಾಡಿಸಿದರು. ಆದರೆ ಗಾಡಿಯವರು ಅವರ ಎದುರಿಗೆ ಬರದೆ ಪಕ್ಕಕ್ಕೆ ಸರಿಯುತ್ತಿದ್ದರು. ಮಿಲ್ಲಿನಲ್ಲಿ ಅವರು ಮುಟ್ಟಿದ ಚೀಲವನ್ನು ಹೊರಲು ಕೆಲಸದವರು ಹಿಂಜರಿಯುತ್ತಿದ್ದರು. ಬದುಕಿರುವವನಿಗೆ ಸಾವಿನ ತಮಟೆ ಬಿದ್ದರೆ, ಬಾರಿಸಿದ ಕೈಯೇ ಅವನ ಬಾಗಿಲಿಗೆ ಬಂದು ಮದುವೆಯ ತಮಟೆ ಬಾರಿಸಬೇಕು, ಬೇರೆ ದಾರಿಯಿಲ್ಲ ಎಂದು ಚಿಕ್ಕಬೋರಮ್ಮ ಪಂಕಜಮ್ಮನವರಿಗೆ ಹೇಳಿದಳು. ಒಂದು ತಿಂಗಳು ಕಳೆದ ಮೇಲೆ ಸಂಪತ್ ಕುಮಾರರು ನನ್ನನ್ನು ಜೊತೆಗೆ ಕರೆದುಕೊಂಡು ದುದ್ದಕ್ಕೆ ಹೊರಟರು.

ಕಾರು ಕೇರಿಯೊಳಗೆ ಹೋಗಲಿಲ್ಲ. ಅವರು ಅಷ್ಟು ದೂರ ನಡೆದು ಬಂದು ಆ ಮನೆಯ ಮುಂದೆ ನಿಂತರು. ಬಾಗಿಲಲ್ಲಿದ್ದ ಮುದ್ದಮ್ಮ ಅವರನ್ನು ಬಹಳ ಹೊತ್ತು ನೋಡಿದಳು.

"ಬಂದ್ರಾ? ಬನ್ನಿ. ಮೊದ್ಲು ಅವನ್ನ ನೋಡಿ ಬನ್ನಿ."

ಚಿಕ್ಕಮಾದುವನ್ನು ಮಣ್ಣು ಮಾಡಿದ್ದ ಸ್ಥಳಕ್ಕೆ ಮರಿಸಿದ್ದಯ್ಯ ಮುಂದೆ ನಡೆದ. ಅಲ್ಲಿ ಮರವಿರಲಿಲ್ಲ. "ಮೆಟ್ಟು ಬುಡಿ" ಎಂದ. ಸಂಪತ್ ಕುಮಾರರು ಚಪ್ಪಲಿ ಬಿಟ್ಟು ಸುಡುವ ಮಣ್ಣಿನ ಮೇಲೆ ನಿಂತರು. ಅವನು ಸೌದೆ ಹೊತ್ತಿಸಿ, ಅವಸರವಿಲ್ಲದೆ ತಮಟೆ ಕಾಯಿಸಿ, ಆ ಏಟುಗಳನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸಿದ. ಕ್ಲಬ್ಬಿನಲ್ಲಿ ಬಾರಿಸಿದ್ದು ಅದರ ಹತ್ತರಲ್ಲಿ ಒಂದು ಪಾಲು ಎಂದು ಆಗ ನನಗೆ ತಿಳಿಯಿತು. ಒಂದೂವರೆ ಗಂಟೆ ಹಿಡಿಯಿತು. ಸಂಪತ್ ಕುಮಾರರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ನಡುವೆ ಒಮ್ಮೆ, "ಸಾಕಲ್ಲಪ್ಪಾ" ಎಂದರು. ಅವನು ಕೇಳಿಸಿಕೊಳ್ಳಲಿಲ್ಲ.

ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಕೇಳಿದರು: "ಈಗ ಕಾರಿದೆ. ನಮ್ಮ ಮನೆಗೆ ಬಂದು ಬಾರಿಸಿಬಿಡು."

"ಇವತ್ತು ಆಗಾಕಿಲ್ಲ" ಎಂದ ಮರಿಸಿದ್ದಯ್ಯ. ಬುದ್ದಿ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. "ಇವತ್ತು ನಮ್ಮಪ್ಪನ ಮಣ್ಣು. ನಂಗೆ ರಜ."

"ಮತ್ತೆ ಯಾವಾಗ ಬರ್ತೀಯಪ್ಪಾ?"

"ನಾಡಿದ್ದು ಬತ್ತೀನಿ ಬುಡಿ."

ನಾಡಿದ್ದು ಅವನು ಬರಲಿಲ್ಲ. ಮುಂದೆ ಅವನು ಕೆಂಪಯ್ಯನೊಂದಿಗೆ ಮದ್ದೂರಿನ ಬ್ಯಾಂಡ್ ಸೆಟ್ಟು ಸೇರಿದ. ಮಂಡ್ಯದ ಮದುವೆಗಳಿಗೂ ಬರುತ್ತಿದ್ದ. ಆ ಮಿಲ್ಲಿನ ಮುಂದೆಯೇ ಡೋಲು ಬಾರಿಸುತ್ತ ಹೋಗುತ್ತಿದ್ದ. ಆ ಒಂದು ಬಾಗಿಲಿಗೆ ಮಾತ್ರ ಹೋಗಲಿಲ್ಲ. ಪಂಕಜಮ್ಮನವರು ಎಷ್ಟೋ ಸಲ ವೀಳ್ಯದೆಲೆಯ ತಟ್ಟೆ ಸಿದ್ಧಮಾಡಿ ಕಾದರು. ಅವರ ವಿಷಯದಲ್ಲಿ ಮಾತ್ರ ನನಗೆ ಈಗಲೂ ಸಂಕಟವಾಗುತ್ತದೆ. ನಾನು ಹೇಳಿನೋಡಿದಾಗ ಮರಿಸಿದ್ದಯ್ಯ ನನ್ನ ಮೇಜಿನ ಮೇಲೆ ಬೆರಳಾಡಿಸುತ್ತ, "ಬರಾಕಿಲ್ಲ ಅಂದಿಲ್ವಲ್ಲ ಮೇಷ್ಟ್ರೇ, ನಾಡಿದ್ದು" ಎಂದ.

ಸಂಪತ್ ಕುಮಾರರು ಬೀದಿಯಲ್ಲಿ ಕಂಡಾಗಲೆಲ್ಲ ನನ್ನ ಕೈ ಹಿಡಿದು ಕೇಳುತ್ತಿದ್ದರು. "ಬರ್ತಾನೇನ್ರೀ ಮೇಷ್ಟ್ರೇ ಅವನು?"

"ನಾಡಿದ್ದು ಅಂದಿದ್ದಾನಲ್ಲ ಸಾರ್" ಎನ್ನುತ್ತಿದ್ದೆ. ಹಾಗೆನ್ನುವಾಗ ನನ್ನ ಮುಖದಲ್ಲಿ ಕರುಣೆ ಇರುತ್ತಿತ್ತು, ಒಳಗೆ ಇರುತ್ತಿರಲಿಲ್ಲ. ಆ ಮಧ್ಯಾಹ್ನ ಎದ್ದು ಒಂದು ಮಾತು ಆಡದೆ ಶ್ರುತಿ ಹಿಡಿದು ಕುಳಿತವನು ನಾನು. ನನ್ನ ಪಾಲಿಗೆ ಉಳಿದಿದ್ದ ಮಾತು ಅದೊಂದೇ. ಅದನ್ನು ನಾನು ಸಿಕ್ಕಾಗಲೆಲ್ಲ, ಒಂದು ಸಲವೂ ತಪ್ಪಿಸದೆ, ಆಡಿದೆ.